'ಸನ್ನಡತೆ' ಎಂಬ ಪದವನ್ನು ಓದುವ ಬಗೆ

ಶಿಕ್ಷೆಯಾದ ಕೈದಿಯನ್ನು ಸರ್ಕಾರ ಅವಧಿಗೆ ಮೊದಲೇ ಬಿಟ್ಟಾಗ ನಮ್ಮ ಪತ್ರಿಕೆಗಳು ಎರಡು ಮಾತುಗಳನ್ನು ಬಳಸುತ್ತವೆ. ಒಂದು 'ಸನ್ನಡತೆ', ಇನ್ನೊಂದು 'ಮಾನವೀಯ ನೆಲೆ'. ಸ್ವಾತಂತ್ರ್ಯ ದಿನವೋ ಗಣರಾಜ್ಯೋತ್ಸವವೋ ಬಂತೆಂದರೆ ಇಂಥ ಸುದ್ದಿ ಇದ್ದೇ ಇರುತ್ತದೆ. ಓದಿ ಪುಟ ತಿರುವುತ್ತೇವೆ. ಕಾವ್ಯ, ಕಾದಂಬರಿಗಳ ಭಾಷೆಯೊಳಗೆ ಅಡಗಿದ ಜಾತಿಯನ್ನು ಹುಡುಕಿ ತೆಗೆಯುವ ದಲಿತ ವಿಮರ್ಶೆ, ಜೈಲಿನ ಬಾಗಿಲು ತೆಗೆಸುವ ಈ ಪದಗಳನ್ನು ಮಾತ್ರ ಯಾಕೆ ಹಾಗೇ ಬಿಡಬೇಕು? ಸರ್ಕಾರದ ಆದೇಶವೂ ಒಂದು ಪಠ್ಯವೇ.

ಬಿಹಾರದ ಒಂದು ಪ್ರಕರಣ ನೋಡಿ. ಜಿ. ಕೃಷ್ಣಯ್ಯ ಆಗಿನ ಆಂಧ್ರಪ್ರದೇಶದ ಮೆಹಬೂಬ್‌ನಗರ ಜಿಲ್ಲೆಯವರು, ಭೂಮಿಯಿಲ್ಲದ ದಲಿತ ಕುಟುಂಬದಿಂದ ಬಂದು ಐಎಎಸ್ ಅಧಿಕಾರಿಯಾದವರು. 1994ರಲ್ಲಿ ಗೋಪಾಲ್‌ಗಂಜ್ ಜಿಲ್ಲಾಧಿಕಾರಿಯಾಗಿದ್ದರು. ಡಿಸೆಂಬರ್ 5ರಂದು ಹಾಜಿಪುರದಲ್ಲಿ ಸಭೆ ಮುಗಿಸಿ ಮುಜಫರ್‌ಪುರದ ಮೇಲೆ ವಾಪಸು ಬರುತ್ತಿದ್ದಾಗ, ಹಿಂದಿನ ರಾತ್ರಿ ಕೊಲೆಯಾಗಿದ್ದ ರೌಡಿ ರಾಜಕಾರಣಿಯೊಬ್ಬನ ಶವದ ಮೆರವಣಿಗೆ ಹೆದ್ದಾರಿಯಲ್ಲಿ ಎದುರಾಯಿತು. ಆ ಗುಂಪು ಅವರನ್ನು ಕಾರಿನಿಂದ ಎಳೆದು ಕೊಂದಿತು. ಗುಂಪನ್ನು ಪ್ರಚೋದಿಸಿದ ಅಪರಾಧಕ್ಕೆ ಆನಂದ್ ಮೋಹನ್ ಸಿಂಗ್ ಎಂಬ ರಾಜಕಾರಣಿಗೆ 2007ರಲ್ಲಿ ಗಲ್ಲುಶಿಕ್ಷೆಯಾಯಿತು. 2008ರಲ್ಲಿ ಪಟ್ನಾ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೃಷ್ಣಯ್ಯನವರು ದಲಿತರೆಂಬ ಕಾರಣಕ್ಕೇ ಗುಂಪು ಅವರನ್ನು ಕೊಂದಿತೆಂದು ನಾನು ಹೇಳುತ್ತಿಲ್ಲ. ಜಾತಿಯ ಲೆಕ್ಕ ಬರುವುದು ಕೊಲೆಗಾರನನ್ನು ಬಿಡುವಾಗ.

ಬಿಹಾರದ ಜೈಲು ಕೈಪಿಡಿಯ 481ನೇ ನಿಯಮದಲ್ಲಿ, ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನನ್ನು ಕೊಂದವರಿಗೆ ಅವಧಿಪೂರ್ವ ಬಿಡುಗಡೆಗೆ ತಡೆಯಿತ್ತು. 2023ರ ಜನವರಿಯಲ್ಲಿ ಪಟ್ನಾದಲ್ಲಿ ರಾಣಾ ಪ್ರತಾಪನ ಹೆಸರಲ್ಲಿ ನಡೆದ ರಜಪೂತರ ಸಮಾವೇಶದಲ್ಲಿ, ಮುಖ್ಯಮಂತ್ರಿ ನಿತೀಶ್ ಕುಮಾರ್ ಅವರ ಎದುರೇ ಆನಂದ್ ಮೋಹನ್ ಬಿಡುಗಡೆಗೆ ಘೋಷಣೆ ಎದ್ದಿತು. ಏಪ್ರಿಲ್ 10ರಂದು ಸರ್ಕಾರ ಆ ನಿಯಮದಿಂದ ಸರ್ಕಾರಿ ನೌಕರನ ಮಾತನ್ನು ತೆಗೆದುಹಾಕಿತು. ಏಪ್ರಿಲ್ 27ರ ಬೆಳಗಿನ ಜಾವ ಆತ ಸಹರ್ಸಾ ಜೈಲಿನಿಂದ ಹೊರಗೆ ಬಂದಾಗಿತ್ತು. ಪಟ್ಟಿಯಲ್ಲಿ ಇನ್ನೂ 26 ಜನರ ಹೆಸರಿದ್ದವು. ಇದು ರಜಪೂತರ ಮತಕ್ಕಾಗಿ ಮಾಡಿದ್ದು ಎಂದು ಕೃಷ್ಣಯ್ಯನವರ ಪತ್ನಿ ಉಮಾ ಕೃಷ್ಣಯ್ಯ ಬಹಿರಂಗವಾಗಿಯೇ ಹೇಳಿ ಸುಪ್ರೀಂ ಕೋರ್ಟಿಗೆ ಹೋದರು. ಇದು ದಲಿತ ವಿರೋಧಿ ಕ್ರಮವೆಂದು ಮಾಯಾವತಿ ಖಂಡಿಸಿದರು. ಸರ್ಕಾರ ಕೊಟ್ಟ ಉತ್ತರ ಕುತೂಹಲಕರ: ಸಾಮಾನ್ಯನ ಕೊಲೆಗೆ ಒಂದು ನ್ಯಾಯ, ಅಧಿಕಾರಿಯ ಕೊಲೆಗೆ ಇನ್ನೊಂದು ನ್ಯಾಯ ಇರಬೇಕೆ? ಕೇಳಲಿಕ್ಕೆ ಸಮಾನತೆಯ ಮಾತು. ಆದರೆ ಈ ಸಮಾನತೆಯ ನೆನಪು ಸರ್ಕಾರಕ್ಕೆ ಬಂದದ್ದು ಆ ಸಮಾವೇಶದ ಘೋಷಣೆಯ ನಂತರವೇ ಅಲ್ಲವೆ?

ಇಲ್ಲಿ ಕಾನೂನನ್ನು ಸ್ವಲ್ಪ ಬಿಡಿಸಿ ನೋಡಬೇಕು. ಜೀವಾವಧಿ ಅಂದ್ರೆ 14 ವರ್ಷ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಜೀವಾವಧಿ ಎಂದರೆ ಜೀವ ಇರುವವರೆಗೆ ಎಂದು 1961ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅವಧಿಗೆ ಮೊದಲು ಬಿಡಲು ಎರಡು ದಾರಿಗಳಿವೆ. ಒಂದು, ಸಂವಿಧಾನದ 72 ಮತ್ತು 161ನೇ ವಿಧಿಗಳಲ್ಲಿ ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗಿರುವ ಕ್ಷಮಾದಾನದ ಅಧಿಕಾರ. ಇನ್ನೊಂದು, ದಂಡ ಪ್ರಕ್ರಿಯಾ ಸಂಹಿತೆಯ 432ನೇ ಕಲಮಿನಲ್ಲಿ ಸರ್ಕಾರಕ್ಕಿದ್ದ ಶಿಕ್ಷೆ ಮನ್ನಾ ಮಾಡುವ ಅಧಿಕಾರ. 2024ರ ಜುಲೈಯಿಂದ ಇದು ನಾಗರಿಕ ಸುರಕ್ಷಾ ಸಂಹಿತೆಯ 473ನೇ ಕಲಮಾಗಿದೆ. ಕೊಲೆಯಂಥ ಅಪರಾಧಗಳಲ್ಲಿ ಜೀವಾವಧಿಯಾದವನು ಈ ಎರಡನೆಯ ದಾರಿಯಲ್ಲಿ ಹೊರಬರಬೇಕಾದರೆ ಕನಿಷ್ಠ 14 ವರ್ಷ ಜೈಲಲ್ಲಿ ಕಳೆದಿರಬೇಕು. 14ರ ಲೆಕ್ಕ ಬಂದದ್ದು ಅಲ್ಲಿಂದ. ಬಿಡುಗಡೆ ಕೈದಿಯ ಹಕ್ಕಲ್ಲ, ಅವನ ಅರ್ಜಿಯನ್ನು ನ್ಯಾಯವಾಗಿ ಪರಿಶೀಲಿಸಬೇಕೆಂಬುದು ಹಕ್ಕು.

ಪರಿಶೀಲಿಸುವಾಗ ಏನು ನೋಡಬೇಕು? 2000ದ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಪ್ರಶ್ನೆಗಳನ್ನು ಪಟ್ಟಿ ಮಾಡಿತು. ಅಪರಾಧವು ಒಟ್ಟು ಸಮಾಜವನ್ನು ತಟ್ಟದ ವೈಯಕ್ತಿಕ ಕೃತ್ಯವೇ? ಮತ್ತೆ ಅಪರಾಧ ಮಾಡುವ ಸಂಭವವಿದೆಯೇ? ಅಪರಾಧ ಮಾಡುವ ಶಕ್ತಿಯನ್ನೇ ಕೈದಿ ಕಳಕೊಂಡಿದ್ದಾನೆಯೇ? ಅವನನ್ನು ಇನ್ನೂ ಒಳಗಿಟ್ಟು ಪ್ರಯೋಜನವಿದೆಯೇ? ಅವನ ಕುಟುಂಬದ ಸಾಮಾಜಿಕ, ಆರ್ಥಿಕ ಸ್ಥಿತಿ ಹೇಗಿದೆ? ಈ ಪ್ರಶ್ನೆಗಳಲ್ಲಿ ಮಾನವೀಯತೆ ಇದೆ, ಇಲ್ಲವೆನ್ನಲಾಗದು. ಆದರೆ ಕೈದಿಯ ಕುಟುಂಬದ ಸ್ಥಿತಿಯನ್ನು ಕೇಳುವ ಪಟ್ಟಿಯಲ್ಲಿ ಸತ್ತವನ ಕುಟುಂಬ ಎಲ್ಲಿದೆ? ಮೊದಲನೆಯ ಪ್ರಶ್ನೆಯನ್ನೇ ಕೇರಿಯಲ್ಲಿ ನಿಂತು ಓದಿದರೆ ಅರ್ಥ ಬೇರೆಯಾಗುತ್ತದೆ. ದಲಿತನೊಬ್ಬ ತಲೆಯೆತ್ತಿದ್ದಕ್ಕೆ ನಡೆಯುವ ಕೊಲೆ ಎಂದೂ ವೈಯಕ್ತಿಕವಲ್ಲ. ಅದು ಇಡೀ ಕೇರಿಗೆ ಹೇಳಿಕಳಿಸುವ ಮಾತು.

ತಮಿಳುನಾಡಿನ ಮೇಲವಳವು ಇದಕ್ಕೆ ಸಾಕ್ಷಿ. ಮಧುರೈ ಜಿಲ್ಲೆಯ ಈ ಊರಿನ ಪಂಚಾಯ್ತಿ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾಯಿತು. ಗೆದ್ದು ಅಧ್ಯಕ್ಷರಾದ ಮುರುಗೇಶನ್ ಅವರನ್ನೂ ಸಂಗಡಿಗರನ್ನೂ 1997ರ ಜೂನ್ 30ರಂದು ಬಸ್ಸು ತಡೆದು ಕಡಿದು ಕೊಂದರು. 17 ಜನರಿಗೆ ಜೀವಾವಧಿಯಾಯಿತು. 2008ರಲ್ಲಿ ಅಣ್ಣಾದೊರೈ ಜನ್ಮಶತಮಾನೋತ್ಸವಕ್ಕೆಂದು ಮೂವರನ್ನು, 2019ರಲ್ಲಿ ಎಂಜಿಆರ್ ಜನ್ಮಶತಮಾನೋತ್ಸವಕ್ಕೆಂದು 13 ಜನರನ್ನು ಬಿಟ್ಟರು. ಒಂದು ಸಲ ಒಂದು ದ್ರಾವಿಡ ಪಕ್ಷ, ಇನ್ನೊಂದು ಸಲ ಇನ್ನೊಂದು. ನಾಯಕರ ಹುಟ್ಟುಹಬ್ಬದ ಉಡುಗೊರೆ ಯಾರ ಮನೆಗೆ ಹೋಯಿತು, ಯಾರ ಲೆಕ್ಕದಿಂದ ಹೋಯಿತು ಎಂದು ಕೇಳಬೇಕಲ್ಲವೆ?

ಈಗ 'ಸನ್ನಡತೆ'ಗೆ ಬರೋಣ. 2022ರ ಆಗಸ್ಟ್ 15ರಂದು ಗುಜರಾತ್ ಸರ್ಕಾರ ಬಿಲ್ಕಿಸ್ ಬಾನು ಪ್ರಕರಣದ 11 ಅಪರಾಧಿಗಳನ್ನು ಬಿಟ್ಟಿತು. ಬಿಡುಗಡೆಗೆ ಶಿಫಾರಸು ಮಾಡಿದ ಸಮಿತಿಯಲ್ಲಿದ್ದ ಗೋಧ್ರಾದ ಶಾಸಕ, ಅವರು ಬ್ರಾಹ್ಮಣರು, ಒಳ್ಳೆಯ ಸಂಸ್ಕಾರದವರು ಎಂಬರ್ಥದ ಮಾತಾಡಿದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟು, ಗುಜರಾತಿಗೆ ಆ ಅಧಿಕಾರವೇ ಇರಲಿಲ್ಲವೆಂದು ಬಿಡುಗಡೆಯನ್ನು ರದ್ದುಮಾಡಿತು. ಕೋರ್ಟು ಆದೇಶವನ್ನು ರದ್ದುಮಾಡಬಹುದು, ಆ ನಂಬಿಕೆಯನ್ನಲ್ಲ. ನಡತೆಯನ್ನು ಹುಟ್ಟಿನಿಂದಲೇ ಅಳೆಯುವ ಈ ಅಳತೆಗೋಲು ಜೈಲಿನೊಳಗೂ ಇತ್ತು. ಅಡುಗೆ ಕೆಲಸ ಮೇಲ್ಜಾತಿಯವರಿಗೆ, ಕಸ ಮತ್ತು ಕಕ್ಕಸಿನ ಕೆಲಸ ಕೆಳಜಾತಿಯವರಿಗೆ ಎಂದು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲೇ ಬರೆದಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಜೈಲಿನಲ್ಲಿ ಮಾಡಿದ ಕೆಲಸ ಮತ್ತು ನಡತೆಯ ಮೇಲೆಯೇ ಶಿಕ್ಷೆಯ ದಿನಗಳು ಕಡಿಮೆಯಾಗುವುದು. ಕೆಲಸವನ್ನೇ ಜಾತಿ ಹಂಚುವ ಕಡೆ ನಡತೆಗೆ ಅಂಕ ಕೊಡುವವರು ಯಾರು, ಹೇಗೆ ಕೊಡುತ್ತಾರೆ?

ಇದನ್ನೆಲ್ಲ ತರಗತಿಯಲ್ಲಿ ಚರ್ಚಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದು, "ಹಾಗಾದ್ರೆ ಯಾರನ್ನೂ ಬಿಡಬಾರ್ದು ಅಂತೀರಾ ಸಾರ್?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಸಿಟ್ಟಿನಲ್ಲಿ ನಾವು ಕೊಡಬಹುದಾದ ಸುಲಭದ ಉತ್ತರ, ಹೌದು, ಬಿಡಬಾರದು ಎಂಬುದು. ಆದರೆ ಆ ಉತ್ತರದ ಬೆಲೆ ತೆರುವವರು ಯಾರು? 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು ಶೇ. 16.6. ಶಿಕ್ಷೆಯಾದ ಕೈದಿಗಳಲ್ಲಿ ಅವರು ಐದನೇ ಒಂದಕ್ಕಿಂತ ಹೆಚ್ಚು. ಬಿಡುಗಡೆಯ ಬಾಗಿಲು ಮುಚ್ಚಿದರೆ ಒಳಗೆ ಉಳಿಯುವವರು ನಮ್ಮವರೇ. ಬಲಾಢ್ಯನಿಗೆ ಹೇಗೂ ಇನ್ನೊಂದು ಬಾಗಿಲು ಸಿಗುತ್ತದೆ.

ಬಾಗಿಲು ಈಗಲೂ ಎಲ್ಲರಿಗೂ ತೆರೆದಿಲ್ಲ. ಶೇ. 90 ಅಂಗವೈಕಲ್ಯವಿದ್ದು ಗಾಲಿಕುರ್ಚಿಯಲ್ಲಿದ್ದ ಪ್ರೊಫೆಸರ್ ಜಿ. ಎನ್. ಸಾಯಿಬಾಬಾ ಅವರಿಗೆ 2020ರಲ್ಲಿ ತಾಯಿಯ ಅಂತ್ಯಕ್ರಿಯೆಗೆ ಹೋಗಲೂ ಪೆರೋಲ್ ಸಿಗಲಿಲ್ಲ. 2024ರ ಮಾರ್ಚಿನಲ್ಲಿ ಹೈಕೋರ್ಟು ಅವರನ್ನು ನಿರ್ದೋಷಿಯೆಂದಿತು. ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಇನ್ನು ಹೆಸರಿಲ್ಲದ ಕೈದಿಗಳ ಮಾತು. ಅರ್ಜಿ ಬರೆಯುವವರಿಲ್ಲದೆ, ವಕೀಲರಿಲ್ಲದೆ, ಅರ್ಹತೆ ಇದ್ದೂ ಒಳಗೇ ಉಳಿದವರು ಇವರು. ನಿಯಮವಿರುವ ಕಡೆ ಕೈದಿ ಅರ್ಜಿ ಹಾಕದಿದ್ದರೂ ಸರ್ಕಾರವೇ ಪರಿಶೀಲಿಸಬೇಕು ಎಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಹೇಳಬೇಕಾಯಿತು.

ಹಾಗಾಗಿ ನಮ್ಮ ಜಗಳ ಕರುಣೆಯ ಜೊತೆಗಲ್ಲ. ಕರುಣೆಯನ್ನು ದೊರೆಯ ದಾನದಂತೆ ಹಂಚುವ ಕ್ರಮದ ಜೊತೆಗೆ. ಜಾತಿ, ಧರ್ಮ, ರಾಜಕೀಯ ನಿಷ್ಠೆಯನ್ನು ನೋಡಿ ಕ್ಷಮಾದಾನ ಕೊಡುವಂತಿಲ್ಲ ಎಂದು ಆಂಧ್ರದ ಎಪುರು ಸುಧಾಕರ್ ಪ್ರಕರಣದಲ್ಲಿ 2006ರಲ್ಲೇ ತೀರ್ಪಾಗಿದೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಸೇರಿಸಿದ 15ಎ ಕಲಮು, ಆ ಕಾಯ್ದೆಯ ಪ್ರಕರಣಗಳಲ್ಲಿ ಜಾಮೀನು, ಬಿಡುಗಡೆ, ಪೆರೋಲ್ ಕುರಿತ ಕಲಾಪದಲ್ಲಿ ಸಂತ್ರಸ್ತರ ಮಾತು ಕೇಳಬೇಕೆನ್ನುತ್ತದೆ. ಈ ಹಕ್ಕು ಕೋರ್ಟಿನ ಹೊಸ್ತಿಲಲ್ಲೇ ನಿಲ್ಲಬಾರದು, ಬಿಡುಗಡೆ ತೀರ್ಮಾನಿಸುವ ಸಮಿತಿಯ ಮೇಜಿನವರೆಗೂ ಬರಬೇಕು. ಕೇಳುವುದೆಂದರೆ ಅವರ ಅಪ್ಪಣೆಯೇ ಅಂತಿಮವೆಂದಲ್ಲ. ಅವರ ಭಯ, ಅವರ ಬದುಕು ಕಡತದಲ್ಲಿ ಬರಬೇಕೆಂದು. ಬಿಟ್ಟರೆ ಯಾಕೆ ಬಿಟ್ಟಿರಿ, ಬಿಡದಿದ್ದರೆ ಯಾಕೆ ಬಿಡಲಿಲ್ಲ ಎಂಬ ಕಾರಣ ಬರಹದಲ್ಲಿರಬೇಕು.

ಮುಂದಿನ ಸಲ ಬಿಡುಗಡೆಯ ಪಟ್ಟಿ ಹೊರಬಂದಾಗ ನಮ್ಮ ಸಂಘಟನೆಗಳು ಅದನ್ನು ತರಿಸಿಕೊಂಡು ಓದಬೇಕು. ಸಮಿತಿಯಲ್ಲಿ ಕೂತವರು ಯಾರು, ಸತ್ತವನ ಮನೆಯವರಿಗೆ ತಿಳಿಸಿದ್ದರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. ಅದೇ ಅರ್ಜಿಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸುವುದನ್ನು ಮರೆಯಬಾರದು: ಅರ್ಹತೆ ಇದ್ದೂ ಪಟ್ಟಿಯಿಂದ ಬಿಟ್ಟುಹೋದವರು ಎಷ್ಟು ಜನ, ಅವರಲ್ಲಿ ಕೇರಿಯವರು ಎಷ್ಟು?