ರಕ್ತದಲ್ಲಿ ಸುಣ್ಣಾಂಶದ ಆಧಿಕ್ಯ

ಸುಣ್ಣದ ಹದವನ್ನು ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಯಾರೂ ಕಲಿಸಬೇಕಾಗಿಲ್ಲ. ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಮಳೆಗಾಲ ಹಿಡಿಯಿತೆಂದರೆ ಕೊಳೆರೋಗದ ಭಯ. ಅದಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಸಿಂಪಡಣೆ. ನೂರು ಲೀಟರು ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಆದರೂ ತಿಳಿದವನು ಲೆಕ್ಕವನ್ನಷ್ಟೇ ನಂಬುವುದಿಲ್ಲ. ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಅದ್ದಿ, ಅಲಗಿಗೆ ತಾಮ್ರದ ಬಣ್ಣ ಹತ್ತಿತೇ ಎಂದು ನೋಡುತ್ತಾನೆ. ಹತ್ತಿದರೆ ಸುಣ್ಣ ಸಾಲದೆಂದರ್ಥ. ತೋಟದ ವಿಷಯದಲ್ಲಿ ಇಷ್ಟು ಜಾಗರೂಕನಾದ ಮನುಷ್ಯನು ತನ್ನ ರಕ್ತದಲ್ಲಿರುವ ಸುಣ್ಣದ ಹದವನ್ನು ಒಮ್ಮೆಯಾದರೂ ಪರೀಕ್ಷಿಸಿ ನೋಡಿರುವುದು ಅಪರೂಪ.

ಸಂಸ್ಕೃತದ ‘ಚೂರ್ಣ’ವೇ ಪ್ರಾಕೃತದ ಮೂಲಕ ಹಾದು ಕನ್ನಡದಲ್ಲಿ ‘ಸುಣ್ಣ’ವಾಯಿತು. ಲ್ಯಾಟಿನ್ ಭಾಷೆಯಲ್ಲಿ ಸುಣ್ಣಕ್ಕೆ ‘ಕ್ಯಾಲ್ಕ್ಸ್’ ಎಂದು ಹೆಸರು. 1808ರಲ್ಲಿ ಹಂಫ್ರಿ ಡೇವಿ ಎಂಬ ಆಂಗ್ಲ ವಿಜ್ಞಾನಿ ಸುಣ್ಣದಿಂದ ಬೇರ್ಪಡಿಸಿದ ಲೋಹಕ್ಕೆ ಆ ಮಾತಿನಿಂದಲೇ ‘ಕ್ಯಾಲ್ಸಿಯಂ’ ಎಂಬ ನಾಮಕರಣವಾಯಿತು. ಪ್ರಾಯಸ್ಥನ ಶರೀರದಲ್ಲಿ ಇದು ಸುಮಾರು ಒಂದು ಕಿಲೋ ಇರುತ್ತದೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿ ಅಡಗಿದೆ. ಉಳಿದ ಒಂದು ಪಾಲು ನರಗಳ ಸಂದೇಶಕ್ಕೆ, ಸ್ನಾಯುಗಳ ಸಂಕೋಚಕ್ಕೆ, ಹೃದಯದ ಬಡಿತಕ್ಕೆ, ರಕ್ತದ ಹೆಪ್ಪುಗಟ್ಟುವಿಕೆಗೆ ಅವಶ್ಯಕ. ನೂರು ಮಿಲಿಲೀಟರು ರಕ್ತರಸದಲ್ಲಿ 8.5ರಿಂದ 10.5 ಮಿಲಿಗ್ರಾಂ ಇದ್ದರೆ ಸಹಜ. ಈ ಮೇರೆ ಮೀರಿದ ಸ್ಥಿತಿಯೇ ಇಲ್ಲಿ ವಿವೇಚಿಸಬೇಕಾದ ವ್ಯಾಧಿ.

ಈ ಹದವನ್ನು ಕಾಯುವ ಕಾವಲುಗಾರರು ಕತ್ತಿನಲ್ಲಿದ್ದಾರೆ. ಗುರಾಣಿಕ ಗ್ರಂಥಿ, ಎಂದರೆ ಥೈರಾಯ್ಡ್, ಅದರ ಹಿಂಬದಿಗೆ ಅಂಟಿಕೊಂಡು ಗೋಧಿಕಾಳಿಗಿಂತ ಹೆಚ್ಚು ದೊಡ್ಡದಲ್ಲದ ನಾಲ್ಕು ಉಪಗುರಾಣಿಕ ಗ್ರಂಥಿಗಳಿವೆ. ವೈದ್ಯರು ಪ್ಯಾರಾಥೈರಾಯ್ಡ್ ಎನ್ನುವುದು ಇವನ್ನೇ. ಇವು ಮೊದಲು ಕಣ್ಣಿಗೆ ಬಿದ್ದುದು ಮನುಷ್ಯನಲ್ಲಿ ಅಲ್ಲ, ಭಾರತದ ಒಂದು ಘೇಂಡಾಮೃಗದಲ್ಲಿ! ಲಂಡನ್ನಿನ ಮೃಗಾಲಯದಲ್ಲಿ ಸತ್ತ ಆ ಪ್ರಾಣಿಯನ್ನು 1850ರ ಹೊತ್ತಿಗೆ ಛೇದಿಸಿ ನೋಡಿದ ರಿಚರ್ಡ್ ಓವೆನ್ ಈ ಪುಟ್ಟ ಗ್ರಂಥಿಯನ್ನು ವರ್ಣಿಸಿದನು. ಮನುಷ್ಯನಲ್ಲಿ ಅದನ್ನು 1880ರಲ್ಲಿ ವಿವರಿಸಿದವನು ಸ್ವೀಡನ್ನಿನ ಇವಾರ್ ಸ್ಯಾಂಡ್‌ಸ್ಟ್ರೋಮ್ ಎಂಬ ವೈದ್ಯವಿದ್ಯಾರ್ಥಿ. ರಕ್ತದಲ್ಲಿ ಸುಣ್ಣ ಇಳಿದೊಡನೆ ಈ ಗ್ರಂಥಿಗಳು ತಮ್ಮ ರಸವನ್ನು ಸ್ರವಿಸುತ್ತವೆ. ಆ ರಸವು ಎಲುಬಿನಿಂದ ಸುಣ್ಣವನ್ನು ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ಡಿ ಜೀವಸತ್ವವನ್ನು ಚುರುಕುಗೊಳಿಸಿ ಕರುಳು ಹೆಚ್ಚು ಹೀರುವಂತೆ ಮಾಡುತ್ತದೆ. ಸುಣ್ಣ ಏರಿದಾಗ ತಾವೇ ಸುಮ್ಮನಾಗುತ್ತವೆ.

ಸುಣ್ಣ ಹೆಚ್ಚಾದಾಗ ಕಾಣುವ ಲಕ್ಷಣಗಳಾದರೋ ಮೋಸಗಾರರು. ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ಅರುಚಿ, ವಾಕರಿಕೆ, ಮೈಕೈ ಸೋಲು, ಎಲುಬುನೋವು, ಮರೆವು, ಯಾವುದರಲ್ಲೂ ಮನಸ್ಸಿಲ್ಲದಿರುವುದು. ಮನೆಯ ಅಜ್ಜಿಯಲ್ಲಿ ಇವು ಒಂದೊಂದಾಗಿ ಕಂಡರೆ ಮನೆಯವರು ಹೇಳುವ ಮಾತು ಒಂದೇ: ‘ವಯಸ್ಸಾಯಿತಲ್ಲ.’ ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಸುಣ್ಣ ಹೆಚ್ಚಿದಾಗ ಮೂತ್ರಪಿಂಡವು ನೀರನ್ನು ಹಿಡಿದಿಡಲಾರದು. ನೀರು ಹೋದಷ್ಟೂ ರಕ್ತ ಗಟ್ಟಿಯಾಗಿ ಸುಣ್ಣ ಮತ್ತೂ ಏರುತ್ತದೆ. ವಾಂತಿಯಾಗುವ ಮುದುಕರು ನೀರು ಕುಡಿಯುವುದನ್ನೂ ಬಿಟ್ಟರೆ ಕೆಲವೇ ದಿನಗಳಲ್ಲಿ ಮಂಪರು, ಬುದ್ಧಿಭ್ರಮಣೆ, ಹೃದಯದ ತಾಳಭಂಗ ಒದಗಬಹುದು. ಆಯುರ್ವೇದವು ಅಶ್ಮರಿಯೆಂದು ಕರೆದ ಮೂತ್ರಕೋಶದ ಕಲ್ಲೂ ಈ ವ್ಯಾಧಿಯ ಒಂದು ಮುಖ. ಕಲ್ಲಿನ ರೋಗಿಗಳೆಲ್ಲರ ರಕ್ತದಲ್ಲಿ ಸುಣ್ಣ ಹೆಚ್ಚಿರುವುದಿಲ್ಲವೆಂಬುದು ನಿಜ. ಆದರೆ ಮರಳಿ ಮರಳಿ ಕಲ್ಲು ಕಟ್ಟುವವರು ಪರೀಕ್ಷೆ ಮಾಡಿಸದಿರುವುದು ಅವಿವೇಕ.

ಕಾರಣಗಳಲ್ಲಿ ಎರಡು ಪ್ರಧಾನ. ಒಂದು, ಉಪಗುರಾಣಿಕ ಗ್ರಂಥಿಗಳಲ್ಲಿ ಒಂದು ನಿರಪಾಯದ ಗಡ್ಡೆಯಾಗಿ ಬೆಳೆದು ಅಂಕೆಯಿಲ್ಲದೆ ರಸ ಸುರಿಸುವುದು. ಇನ್ನೊಂದು ಅರ್ಬುದ, ಎಂದರೆ ಕ್ಯಾನ್ಸರ್. ಕ್ಷಯ, ಸಾರ್ಕಾಯಿಡೋಸಿಸ್ ಮುಂತಾದ ಗಂಟುಕಟ್ಟುವ ವ್ಯಾಧಿಗಳಲ್ಲಿಯೂ, ರಕ್ತದೊತ್ತಡಕ್ಕೆ ಕೊಡುವ ಥಯಾಜೈಡ್ ವರ್ಗದ ಮಾತ್ರೆಗಳಿಂದಲೂ, ಮನೋರೋಗಕ್ಕೆ ಕೊಡುವ ಲಿಥಿಯಂನಿಂದಲೂ ಸುಣ್ಣ ಏರುವುದುಂಟು. ಹಾಗೆಂದು ಆ ಮಾತ್ರೆಗಳನ್ನು ತಾವೇ ನಿಲ್ಲಿಸಬಾರದು.

ಇವೆಲ್ಲಕ್ಕಿಂತ ಹೆಚ್ಚು ಹೇಳಬೇಕಾದುದು ಮನುಷ್ಯನು ಕೈಯಾರೆ ತಂದುಕೊಳ್ಳುವ ಕಾರಣವನ್ನು. ಮಂಡಿನೋವೆಂದರೆ ಡಿ ಜೀವಸತ್ವದ ಕೊರತೆಯೆಂಬ ಮಾತು ಇಂದು ಮನೆಮಾತಾಗಿದೆ. ಕೊರತೆ ಅನೇಕರಲ್ಲಿ ಇರುವುದೂ ಹೌದು. ಔಷಧದಂಗಡಿಯಲ್ಲಿ ದೊರೆಯುವ ಪುಡಿಯ ಪೊಟ್ಟಣದಲ್ಲಿ 60,000 ಯೂನಿಟ್‌ಗಳಿರುತ್ತವೆ. ವೈದ್ಯರು ವಾರಕ್ಕೊಂದು ಎಂದು, ಅದೂ ಕೆಲವೇ ವಾರಗಳಿಗೆಂದು ಬರೆಯುತ್ತಾರೆ. ಅದನ್ನು ದಿನಕ್ಕೊಂದು ಎಂದು ತಿಳಿದು ನುಂಗುವವರಿದ್ದಾರೆ. 6 ಲಕ್ಷ ಯೂನಿಟ್‌ಗಳ ಚುಚ್ಚುಮದ್ದೂ ಉಂಟು. ಅದನ್ನು ಮೇಲಿಂದ ಮೇಲೆ ಹಾಕಿಸಿಕೊಂಡು ಅಪಾಯಕ್ಕೀಡಾದ ರೋಗಿಗಳ ವೃತ್ತಾಂತಗಳು ಭಾರತದ ವೈದ್ಯಪತ್ರಿಕೆಗಳಲ್ಲಿ ಪ್ರಕಟವಾಗಿವೆ. ಸಿ ಜೀವಸತ್ವ ಹೆಚ್ಚಾದರೆ ಬಹುಮಟ್ಟಿಗೆ ಮೂತ್ರದಲ್ಲಿ ಹರಿದುಹೋಗುತ್ತದೆ. ಡಿ ಜೀವಸತ್ವ ಹಾಗಲ್ಲ, ಕೊಬ್ಬಿನಲ್ಲಿ ಶೇಖರವಾಗಿ ತಿಂಗಳುಗಟ್ಟಲೆ ಕಾಡುತ್ತದೆ.

ಎಲೆಯಡಿಕೆಯ ಸುಣ್ಣದ ಮಾತೂ ಇಲ್ಲಿ ಪ್ರಸ್ತುತ. 1915ರಲ್ಲಿ ಅಮೆರಿಕದ ಸಿಪ್ಪಿ ಎಂಬ ವೈದ್ಯನು ಹೊಟ್ಟೆಯ ಹುಣ್ಣಿಗೆ ಹಾಲು ಮತ್ತು ಕ್ಷಾರಗಳ ಪಥ್ಯವನ್ನು ಪ್ರಚಾರಕ್ಕೆ ತಂದನು. ಅದನ್ನು ಸೇವಿಸಿದ ಕೆಲವರ ಮೂತ್ರಪಿಂಡ ಕೆಟ್ಟು ರಕ್ತದಲ್ಲಿ ಸುಣ್ಣ ಏರಿತು. ಹಾಲು-ಕ್ಷಾರ ವ್ಯಾಧಿಯೆಂದು ಅದಕ್ಕೆ ಹೆಸರಾಯಿತು. ಸುಣ್ಣವೂ ಕ್ಷಾರವೇ. ಸುಣ್ಣ ಹಚ್ಚಿದ ಅಡಿಕೆಯನ್ನು ಅತಿಯಾಗಿ ಅಗಿದು ನುಂಗುವವರಲ್ಲಿ ಇದೇ ವ್ಯಾಧಿಯನ್ನು ತೈವಾನಿನ ವೈದ್ಯರು ಗುರುತಿಸಿದ್ದಾರೆ. ಊಟವಾದ ಮೇಲೆ ಒಂದು ಕವಳ ಹಾಕಿದವರಿಗೆಲ್ಲ ಇದು ಬರುವುದೆಂದು ಹೆದರಬೇಕಾಗಿಲ್ಲ. ದಿನವಿಡೀ ಬಾಯಾಡಿಸುವವರು ಅದರ ಮೇಲೆ ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗಿದರೆ ಮಾತು ಬೇರೆ. (ಅಡಿಕೆಯಿಂದ ಬಾಯಿಯ ಅರ್ಬುದ ಬರುವ ಸಂಗತಿ ಇದಕ್ಕಿಂತ ಗುರುತರವಾದುದು, ಅದನ್ನು ಬೇರೆಯಾಗಿಯೇ ಬರೆಯಬೇಕು.)

ರೋಗನಿರ್ಣಯಕ್ಕೆ ಮೊದಲ ಹೆಜ್ಜೆ ಸಾಮಾನ್ಯವಾದ ರಕ್ತಪರೀಕ್ಷೆ. ರಕ್ತದ ಸುಣ್ಣದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು ಆಲ್ಬುಮಿನ್ ಮೊದಲಾದ ಸಸಾರಜನಕಗಳಿಗೆ ಅಂಟಿಕೊಂಡಿರುವುದರಿಂದ ಆಲ್ಬುಮಿನ್ನನ್ನೂ ಜೊತೆಗೆ ಅಳೆಯಬೇಕು. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದರೆ ಅಂಕಿ ಸುಳ್ಳಾಗಿ ಏರುವುದರಿಂದ ಇನ್ನೊಮ್ಮೆ ನೋಡುವುದು ಒಳ್ಳೆಯದು. ಏರಿಕೆ ಖಚಿತವಾದ ಮೇಲೆ ಉಪಗುರಾಣಿಕ ರಸವನ್ನು ಅಳೆಯಬೇಕು. ಕವಲುದಾರಿ ಇರುವುದು ಇಲ್ಲಿಯೇ. ಸುಣ್ಣ ಹೆಚ್ಚಿದ್ದರೂ ಆ ರಸ ತಗ್ಗದೆ ಉಳಿದಿದ್ದರೆ ಬಹುತೇಕ ದೋಷ ಗ್ರಂಥಿಯದು. ತಗ್ಗಿದ್ದರೆ ಗ್ರಂಥಿ ನಿರ್ದೋಷಿ, ಅರ್ಬುದವನ್ನೋ ಡಿ ಜೀವಸತ್ವವನ್ನೋ ಹುಡುಕಬೇಕು. ರೋಗಿಯು ನುಂಗುವ ಮಾತ್ರೆ, ಪುಡಿ, ಲೇಹ್ಯಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ವೈದ್ಯರ ಮೇಜಿನ ಮೇಲಿಟ್ಟರೆ ಅರ್ಧ ನಿರ್ಣಯ ಅಲ್ಲಿಯೇ ಆಗಿಬಿಡಬಹುದು.

ಚಿಕಿತ್ಸೆ ಏರಿಕೆಯ ಪ್ರಮಾಣಕ್ಕೆ ತಕ್ಕಂತೆ. 12ರೊಳಗಿದ್ದು ರೋಗಿ ನೆಟ್ಟಗಿದ್ದರೆ ಅವಸರವಿಲ್ಲ. ನೀರು ಚೆನ್ನಾಗಿ ಕುಡಿದು ಕಾರಣವನ್ನು ಅರಸಬೇಕು. 14 ದಾಟಿದರೆ, ಅಥವಾ ಮಂಪರು ಕವಿದರೆ, ಆಸ್ಪತ್ರೆಗೆ ಸೇರಿಸಲೇಬೇಕು. ಅಲ್ಲಿ ಮೊದಲ ಮದ್ದು ರಕ್ತನಾಳದ ಮೂಲಕ ಕೊಡುವ ಉಪ್ಪುನೀರು, ಎಂದರೆ ಸಲೈನ್. ಕ್ಯಾಲ್ಸಿಟೋನಿನ್ ಚುಚ್ಚುಮದ್ದು ಕೆಲವು ಗಂಟೆಗಳಲ್ಲಿ ಅಂಕಿಯನ್ನು ತುಸು ಇಳಿಸುತ್ತದೆ. ಎಲುಬಿನ ಸುಣ್ಣ ಕರಗದಂತೆ ತಡೆಯುವ ಜೋಲೆಡ್ರೋನಿಕ್ ಆಮ್ಲಕ್ಕೆ ಎರಡು ನಾಲ್ಕು ದಿನ ಬೇಕು, ಆದರೆ ಫಲ ವಾರಗಟ್ಟಲೆ ನಿಲ್ಲುತ್ತದೆ. ಡಿ ಜೀವಸತ್ವದ ಅತಿರೇಕಕ್ಕೆ ಸ್ಟೀರಾಯ್ಡ್ ಉಪಯುಕ್ತ. ಮೂತ್ರಪಿಂಡ ಸೋತಿದ್ದರೆ ಡಯಾಲಿಸಿಸ್.

ಗ್ರಂಥಿಯ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ನಿಜವಾದ ಪರಿಹಾರ. 1925ರಲ್ಲಿ ವಿಯೆನ್ನಾದ ಫೆಲಿಕ್ಸ್ ಮ್ಯಾಂಡ್ಲ್, ಎಲುಬು ಮುರಿದು ನರಳುತ್ತಿದ್ದ ಒಬ್ಬ ಟ್ರಾಂ ನೌಕರನ ಕತ್ತಿನಿಂದ ಮೊತ್ತಮೊದಲು ಇಂಥ ಗಡ್ಡೆಯನ್ನು ತೆಗೆದನು. ಗ್ರಂಥಿಯ ರಸ ಸಾಲದೆಂದು ಭಾವಿಸಿ ಮೊದಲು ಬೇರೊಬ್ಬರ ಗ್ರಂಥಿಯನ್ನೇ ಅವನಿಗೆ ಕಸಿ ಮಾಡಿ ನೋಡಿದ್ದನಂತೆ! ಅಮೆರಿಕದಲ್ಲಿ ಚಾರ್ಲ್ಸ್ ಮಾರ್ಟೆಲ್ ಎಂಬ ನಾವಿಕನ ಎತ್ತರ ಏಳು ಅಂಗುಲ ಕುಗ್ಗಿಹೋಗಿತ್ತು. ಆರು ಶಸ್ತ್ರಚಿಕಿತ್ಸೆಗಳಲ್ಲಿ ಸಿಗದ ಗಡ್ಡೆ 1932ರ ಏಳನೆಯದರಲ್ಲಿ ಎದೆಗೂಡಿನೊಳಗೆ ಸಿಕ್ಕಿತು. ಆದರೆ ಅವನು ಬದುಕಿ ಉಳಿಯಲಿಲ್ಲ. ಇಂದು ಅಲ್ಟ್ರಾಸೌಂಡ್, ವಿಕಿರಣಶೀಲ ಟೆಕ್ನೀಷಿಯಂ ಸ್ಕ್ಯಾನ್‌ಗಳಿಂದ ಗಡ್ಡೆಯ ಎಡೆಯನ್ನು ಬಹುತೇಕ ಮೊದಲೇ ಗುರುತಿಸಬಹುದು. ಪಾಶ್ಚಾತ್ಯ ದೇಶಗಳಲ್ಲಿ ವಾಡಿಕೆಯ ರಕ್ತಪರೀಕ್ಷೆಯಲ್ಲಿಯೇ, ನೋವು ಕಾಣುವ ಮುನ್ನವೇ, ಹೆಚ್ಚಿನವರ ವ್ಯಾಧಿ ಪತ್ತೆಯಾಗುತ್ತದೆ. ಭಾರತದಲ್ಲಿ ಎಲುಬು ಮುರಿದ ಮೇಲೆ, ಕಲ್ಲು ಕಟ್ಟಿದ ಮೇಲೆ ಬರುವವರು ಇಂದಿಗೂ ಅನೇಕರು.

ಗಡ್ಡೆ ತೆಗೆದ ಮೇಲೂ ಕೆಲವು ದಿನ ಎಚ್ಚರವಿರಬೇಕು. ಬಹುಕಾಲ ಸುಣ್ಣ ಕಳೆದುಕೊಂಡು ಹಸಿದಿದ್ದ ಎಲುಬುಗಳು ರಕ್ತದಲ್ಲಿದ್ದುದನ್ನೆಲ್ಲ ಹೀರತೊಡಗುತ್ತವೆ. ಆಗ ಬೆರಳು, ತುಟಿಗಳು ಜುಮ್ಮೆನ್ನುತ್ತವೆ, ಸ್ನಾಯು ಸೆಡೆಯುತ್ತದೆ. ಮುನ್ನಾದಿನದವರೆಗೆ ನಿಷಿದ್ಧವಾಗಿದ್ದ ಕ್ಯಾಲ್ಸಿಯಂ ಮಾತ್ರೆಯನ್ನು ವೈದ್ಯರು ಆಗ ತಾವೇ ಬರೆದುಕೊಡುತ್ತಾರೆ.