ಟೆಲಿವಿಷನ್ ಕಂಡ ಮಾರ್ಮನ್ನರು

ಕಾಲೇಜಿನ ತರಗತಿಗಳನ್ನು ಮುಗಿಸಿ, ಸಹೋದ್ಯೋಗಿ ಮಿತ್ರರೊಬ್ಬರೊಡನೆ ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಮನೆಗೆ ಮರಳುತ್ತಿದ್ದ ಒಂದು ಸಂಜೆ. ನಮ್ಮೆದುರು ಇಬ್ಬರು ತರುಣರು ನಿಂತಿದ್ದರು. ಅಚ್ಚ ಬಿಳಿಯ ಅಂಗಿ, ಕೊರಳಿಗೆ ಟೈ, ಎದೆಯ ಮೇಲೆ ಹೆಸರು ಕೆತ್ತಿದ ಕರಿಯ ಬಿಲ್ಲೆ. ಮಾತಿಗೆ ಮಾತು ಬೆಳೆದು, ಅವರು ಮಾರ್ಮನ್ ಪಂಥದ ಪ್ರಚಾರಕರೆಂಬುದು ತಿಳಿಯಿತು. ಒಡನೆಯೇ ನನ್ನ ಮಿತ್ರರ ಕಣ್ಣಿನಲ್ಲಿ ಕುತೂಹಲ ಮಿನುಗಿತು.

"ಏನಪ್ಪಾ, ನಿಮ್ಮ ತಂದೆಯವರಿಗೆ ಹೆಂಡಿರು ಎಷ್ಟು ಮಂದಿ?"

ತರುಣ ನಕ್ಕ. "ಒಬ್ಬರೇ ಸಾರ್, ನಮ್ಮಮ್ಮ. ನಮ್ಮ ತಂದೆ ರಾಜಮಹೇಂದ್ರಿಯಲ್ಲಿ ಸ್ಕೂಲು ಮೇಷ್ಟ್ರು. ಒಬ್ಬರಿಗೆ ಉತ್ತರ ಹೇಳುವುದರಲ್ಲಿಯೇ ಅವರಿಗೆ ಸಾಕುಸಾಕಾಗಿದೆ!"

ಸುತ್ತಲಿದ್ದವರೂ ನಕ್ಕರು. ಆದರೆ ಆ ಹುಡುಗನ ನಗೆಯ ಹಿಂದೆ, ಇದೇ ಪ್ರಶ್ನೆಯನ್ನು ಹಲವು ಬಾರಿ ಕೇಳಿಸಿಕೊಂಡವನ ದಣಿವು ನನಗೆ ಕಾಣಿಸಿತು. ನನ್ನ ಮಿತ್ರರು ಸಜ್ಜನರು, ಯಾರನ್ನೂ ನೋಯಿಸುವವರಲ್ಲ. ಮಾರ್ಮನ್ನನೊಬ್ಬನನ್ನು ಅವರು ಕಂಡುದು ಅದೇ ಮೊದಲು. ಹಾಗಿದ್ದಮೇಲೆ ಆ ಪ್ರಶ್ನೆ ಬಂದುದೆಲ್ಲಿಂದ? ರೈಲಿನಿಂದ ಇಳಿದ ಮೇಲೆ ಕೇಳಿದೆ. "ಟೀವಿಯಲ್ಲಿ ನೋಡಿದ್ದೇನಲ್ಲ!" ಎಂದರು.

ಅವರನ್ನು ಆಕ್ಷೇಪಿಸುವ ಹಕ್ಕು ನನಗೂ ಇರಲಿಲ್ಲ. ಬಾಲ್ಯದಲ್ಲಿ ಷರ್ಲಾಕ್ ಹೋಮ್ಸನ ಮೊದಲ ಸಾಹಸವನ್ನು ಓದಿ, ಮಾರ್ಮನ್ನರೆಂದರೆ ಕನ್ಯೆಯರನ್ನು ಬಲವಂತವಾಗಿ ಮದುವೆಯಾಗುವ, ಎದುರಾಡಿದವರನ್ನು ಕೊಲ್ಲುವ ಕ್ರೂರಿಗಳೆಂದು ನಂಬಿದ್ದವನು ನಾನು. ೧೮೮೭ರಲ್ಲಿ ಆ ಕತೆಯನ್ನು ಪ್ರಕಟಿಸಿದಾಗ ಕಾನನ್ ಡಾಯ್ಲ್ ಅವರ ನಾಡನ್ನು ಕಣ್ಣಿನಿಂದ ಕಂಡಿರಲಿಲ್ಲ. ೧೯೨೩ರಲ್ಲಿ ಆತ ಸಾಲ್ಟ್ ಲೇಕ್ ನಗರಕ್ಕೆ ಹೋದಾಗ, ಉಪನ್ಯಾಸಕ್ಕೆಂದು ತಮ್ಮ ಮಹಾಸಭಾಂಗಣವನ್ನೇ ಬಿಟ್ಟುಕೊಟ್ಟವರು ಅದೇ ಮಾರ್ಮನ್ನರು! ೨೦೧೦ರಲ್ಲಿ ಬಿ.ಬಿ.ಸಿ. ಟೆಲಿವಿಷನ್ ಅದೇ ಕತೆಯನ್ನು ಇಂದಿನ ಲಂಡನ್ನಿಗೆ ಹೊಂದಿಸಿ ತೆರೆಗೆ ತಂದಿತು. ಅದರಲ್ಲಿ ಮಾರ್ಮನ್ನರ ಸುಳಿವೇ ಇಲ್ಲ.

ಯಾರು ಈ ಜನ?

೧೮೩೦ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಸ್ಥಾಪಿಸಿದ ಕ್ರೈಸ್ತ ಪಂಥವಿದು. ದೇವದೂತನೊಬ್ಬನು ತೋರಿದ ಚಿನ್ನದ ಫಲಕಗಳಿಂದ ತಾನು ಅನುವಾದಿಸಿದೆನೆಂದು ಆತ ಹೇಳಿದ 'ಮಾರ್ಮನ್ ಗ್ರಂಥ'ದಿಂದ ಇವರಿಗೆ ಈ ಅಡ್ಡಹೆಸರು ಬಂದಿತು. ೧೮೪೪ರಲ್ಲಿ ಉದ್ರಿಕ್ತ ಜನರ ಗುಂಪೊಂದು ಸೆರೆಮನೆಗೆ ನುಗ್ಗಿ ಸ್ಮಿತ್‌ನನ್ನು ಕೊಂದಿತು. ಅನಂತರ ಬ್ರಿಗಮ್ ಯಂಗ್‌ನ ನೇತೃತ್ವದಲ್ಲಿ ಅನುಯಾಯಿಗಳು ಗಾಡಿಗಳನ್ನು ಕಟ್ಟಿಕೊಂಡು ಪಶ್ಚಿಮಕ್ಕೆ ಸಾಗಿ, ೧೮೪೭ರಲ್ಲಿ ಯೂಟಾ ಪ್ರಾಂತದ ಬರಡು ಕಣಿವೆಯಲ್ಲಿ ನೆಲೆಸಿದರು.

ಬಹುಪತ್ನೀತ್ವ ಅವರಲ್ಲಿ ಇದ್ದುದು ನಿಜ. ೧೮೫೨ರಲ್ಲಿ ಅದನ್ನು ಬಹಿರಂಗವಾಗಿ ಸಾರಿದರು; ೧೮೯೦ರಲ್ಲಿ ಸಭೆಯ ಅಧ್ಯಕ್ಷರೇ ಅದಕ್ಕೆ ಮುಕ್ತಾಯ ಹೇಳಿದರು. ಇಂದು ಯಾರಾದರೂ ಹಾಗೆ ಮಾಡಿದರೆ ಸಭೆ ಅವರನ್ನು ಹೊರಗೆ ಹಾಕುತ್ತದೆ. ಹೀಗೆ ಹೊರಬಿದ್ದ ಕೆಲವು ಚಿಕ್ಕ ಪಂಗಡಗಳು ಮಾತ್ರ ಹಳೆಯ ಪದ್ಧತಿಯನ್ನು ಹಿಡಿದುಕೊಂಡಿವೆ. ಸಭೆಯ ಸದಸ್ಯರ ಸಂಖ್ಯೆ ೧ ಕೋಟಿ ೭೦ ಲಕ್ಷವನ್ನು ಮೀರಿದೆ. ಮದ್ಯ, ತಂಬಾಕು ಮಾತ್ರವಲ್ಲ, ಕಾಫಿ ಚಹಗಳೂ ಇವರಿಗೆ ವರ್ಜ್ಯ. ದೇವಾಲಯದಲ್ಲಿ ವಿಧಿವತ್ತಾಗಿ ಕೂಡಿದ ದಂಪತಿಗಳ ಬಂಧ ಮರಣಾನಂತರವೂ ಉಳಿಯುವುದೆಂಬುದು ಇವರ ದೃಢವಾದ ನಂಬಿಕೆ. ೨೦೧೮ರಲ್ಲಿ ಸಭೆಯ ಅಂದಿನ ಅಧ್ಯಕ್ಷರು 'ಮಾರ್ಮನ್' ಎಂಬ ಅಡ್ಡಹೆಸರನ್ನು ಬಿಡಿರೆಂದು ಎಲ್ಲರನ್ನೂ ಕೇಳಿಕೊಂಡರು. ಟೆಲಿವಿಷನ್ ಮಾತ್ರ ಅದನ್ನು ಬಿಟ್ಟಿಲ್ಲ. ವಾಚಕರಿಗೆ ಗೊತ್ತಿರುವುದು ಅದೊಂದೇ ಆದುದರಿಂದ ನಾನೂ ಇಲ್ಲಿ ಬಿಟ್ಟಿಲ್ಲ.

ನಗುಮುಖದ ನೆರೆಯವರು

ಅಮೆರಿಕದ ತೆರೆ ಮಾರ್ಮನ್ನನಿಗೆ ಎರಡು ಮುಖವಾಡಗಳನ್ನು ತೊಡಿಸುತ್ತ ಬಂದಿದೆ. ಮೊದಲನೆಯದು ಎಂದೂ ಮಾಸದ ನಗುಮುಖ. ೧೯೭೬ರಿಂದ ೧೯೭೯ರವರೆಗೆ ಡಾನಿ ಮತ್ತು ಮರೀ ಆಸ್ಮಂಡ್ ಎಂಬ ಅಣ್ಣತಂಗಿಯರು ವಾರವಾರವೂ ಹಾಡಿ ಕುಣಿದು ಮನೆಮನೆಯನ್ನು ರಂಜಿಸಿದರು. ಹೊಳೆಯುವ ಹಲ್ಲು, ತುಂಬಿದ ಸಂಸಾರ, ಒಂದು ಕೆಟ್ಟ ಮಾತೂ ಬಾರದ ನಾಲಿಗೆ. ಜನ ಅವರನ್ನು ಮೆಚ್ಚಿದರು. ಅವರ ನಂಬಿಕೆಯೇನೆಂದು ಕೇಳುವ ಅಗತ್ಯ ಅನೇಕರಿಗೆ ತೋರಲಿಲ್ಲ.

ಇಂತಹ ಒಳ್ಳೆಯತನವೂ ಸಂದೇಹಕ್ಕೆ ಗುರಿಯಾಗುತ್ತದೆ. 'ಸೌತ್ ಪಾರ್ಕ್' ಎಂಬ ವಿಡಂಬನೆಯ ವ್ಯಂಗ್ಯಚಿತ್ರಮಾಲೆ ೨೦೦೩ರಲ್ಲಿ ಒಂದು ಕಂತನ್ನು ಮಾರ್ಮನ್ನರಿಗೆ ಮೀಸಲಿಟ್ಟಿತು. ಊರಿಗೆ ಹೊಸದಾಗಿ ಬಂದ ಸಂಸಾರವೊಂದು ಅತಿಯಾಗಿ ಒಳ್ಳೆಯದಾಗಿರುವುದೇ ನೆರೆಯವರಿಗೆ ತಲೆನೋವು. ಕತೆಯ ನಡುನಡುವೆ ಜೋಸೆಫ್ ಸ್ಮಿತ್‌ನ ಚರಿತ್ರೆಯನ್ನು ನಿರ್ದಾಕ್ಷಿಣ್ಯವಾಗಿ ಹಾಸ್ಯಮಾಡಲಾಗಿದೆ. ಆದರೆ ಕೊನೆಯಲ್ಲಿ ಮಾತು ತಿರುಗುತ್ತದೆ. ನಮ್ಮ ಪುರಾಣ ಕಟ್ಟುಕತೆಯೇ ಆಗಿದ್ದರೂ ಇರಲಿ, ಅದು ನಮಗೆ ಮನೆಯವರನ್ನು ಪ್ರೀತಿಸಲು ಕಲಿಸಿದೆ. ನಿನ್ನ ಸ್ನೇಹವನ್ನಷ್ಟೇ ಬಯಸಿದ್ದೆ, ನೀನು ಅದನ್ನು ಕೊಡಲಿಲ್ಲ ಎಂಬರ್ಥದ ಮಾತನ್ನು ಆ ಮನೆಯ ಹುಡುಗ ಆಡಿ ಹೊರಟುಹೋಗುತ್ತಾನೆ. ನಕ್ಕವನು ತಲೆತಗ್ಗಿಸುವ ಘಳಿಗೆ ಅದು.

ಮೂವರು ಹೆಂಡಿರ ಗೃಹಸ್ಥ

ಎರಡನೆಯ ಮುಖವಾಡವೇ ನನ್ನ ಮಿತ್ರರು ಕಂಡುದು. ಎಚ್.ಬಿ.ಓ. ಸಂಸ್ಥೆ ೨೦೦೬ರಿಂದ ೨೦೧೧ರವರೆಗೆ ಪ್ರಸಾರಮಾಡಿದ 'ಬಿಗ್ ಲವ್' ಮಾಲೆಯ ನಾಯಕ ಬಿಲ್ ಹೆನ್ರಿಕ್‌ಸನ್ ಯೂಟಾದ ವರ್ತಕ. ಒಂದರ ಪಕ್ಕ ಒಂದಿರುವ ಮೂರು ಮನೆಗಳಲ್ಲಿ ಅವನಿಗೆ ಮೂವರು ಹೆಂಡಿರು. ಆತ ಸಭೆಯಿಂದ ಹೊರಗಿನವನೆಂಬುದನ್ನು ಕತೆ ಮರೆಮಾಚುವುದಿಲ್ಲ. ಸಭೆ ೧೮೯೦ರಲ್ಲಿಯೇ ಬಹುಪತ್ನೀತ್ವವನ್ನು ನಿಷೇಧಿಸಿತೆಂಬ ಒಕ್ಕಣೆಯೂ ಮೊದಲ ಕಂತಿನ ಕೊನೆಯಲ್ಲಿ ಮೂಡುತ್ತದೆ. ಆದರೆ ಗಂಟೆಗಟ್ಟಲೆ ಕಣ್ಣಿಗೆ ಕಟ್ಟಿದ ಚಿತ್ರವನ್ನು ಎರಡು ಸಾಲಿನ ಅಕ್ಷರ ಅಳಿಸಬಲ್ಲುದೆ? ೨೦೧೦ರಲ್ಲಿ ಮೊದಲಾದ 'ಸಿಸ್ಟರ್ ವೈವ್ಸ್' ಕಾರ್ಯಕ್ರಮದಲ್ಲಂತೂ ನಿಜವಾಗಿಯೇ ನಾಲ್ವರು ಹೆಂಡಿರ ಗೃಹಸ್ಥನೊಬ್ಬ ತನ್ನ ಮನೆಯ ಬಾಗಿಲನ್ನೇ ತೆರೆದಿಟ್ಟನು. ಅವನೂ ಮೂಲಸಭೆಗೆ ಸೇರದ ಪಂಗಡದವನೇ. ನೋಡುವವರ ಮನಸ್ಸಿನಲ್ಲಿ ಈ ಭೇದವೆಲ್ಲ ಕರಗಿ, 'ಮಾರ್ಮನ್ನರೆಂದರೆ ಹಲವು ಹೆಂಡಿರವರು' ಎಂಬ ಒಂದೇ ಮಾತು ಉಳಿಯಿತು.

೨೦೦೯ರ ಮಾರ್ಚಿಯಲ್ಲಿ ಇದಕ್ಕಿಂತ ಆಳವಾದ ಗಾಯವಾಯಿತು. ಬಹಿಷ್ಕಾರವನ್ನು ಎದುರುನೋಡುತ್ತಿರುವ ಹಿರಿಯ ಹೆಂಡತಿ ಬಾರ್ಬ್ ಕೊನೆಯ ಬಾರಿ ದೇವಾಲಯಕ್ಕೆ ಹೋಗುವ ಸನ್ನಿವೇಶವನ್ನು 'ಬಿಗ್ ಲವ್' ತೋರಿಸಿತು. ಮಾರ್ಮನ್ನರ ದೇವಾಲಯದೊಳಕ್ಕೆ ಅನ್ಯರಿಗೆ ಪ್ರವೇಶವಿಲ್ಲ. ಅಲ್ಲಿನ ವಿಧಿಗಳನ್ನು ಅವರು ಹೊರಗೆ ಆಡುವುದೂ ಇಲ್ಲ. ಆ ವಿಧಿ, ಆ ಉಡುಪು ಎಲ್ಲರ ನಡುಮನೆಯಲ್ಲಿ ಬಯಲಾಯಿತು. ನೊಂದವರಲ್ಲಿ ಎಚ್.ಬಿ.ಓ. ಕ್ಷಮೆ ಕೋರಿತು, ದೃಶ್ಯವನ್ನು ಮಾತ್ರ ಬಿಡಲಿಲ್ಲ. ಸಭೆಯು ತನ್ನ ಅಸಮಾಧಾನವನ್ನು ತಿಳಿಸಿತಾದರೂ ಬಹಿಷ್ಕಾರಕ್ಕೆ ಕರೆಕೊಡಲಿಲ್ಲ.

ಆ ದೃಶ್ಯದಲ್ಲಿ ಅಪಹಾಸ್ಯವಿರಲಿಲ್ಲ, ಬಾರ್ಬಳ ದುಃಖ ನಿಜವಾಗಿತ್ತು ಎಂದು ಸಮರ್ಥಿಸಬಹುದು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಒಬ್ಬರು ಗರ್ಭಗುಡಿಯೆಂದು ಕಾಪಾಡಿಕೊಂಡುದನ್ನು ನೋಡಲು, ಕುತೂಹಲವೊಂದೇ ಸಾಕಾದ ಹಕ್ಕೆ? ಈ ಪ್ರಶ್ನೆ ಕೇವಲ ಮಾರ್ಮನ್ನರದಲ್ಲ.

ಒಳಗಿನಿಂದ ಕಂಡ ನಂಬಿಕೆ

ಈ ಎರಡು ಮುಖವಾಡಗಳನ್ನೂ ಕಳಚಿದ ಚಿತ್ರಣಗಳಿವೆ. ಟೋನಿ ಕುಶ್ನರ್‌ನ ನಾಟಕವನ್ನು ಆಧರಿಸಿ ೨೦೦೩ರಲ್ಲಿ ತೆರೆಗೆ ಬಂದ 'ಏಂಜಲ್ಸ್ ಇನ್ ಅಮೆರಿಕ'ದಲ್ಲಿ ಮೆರಿಲ್ ಸ್ಟ್ರೀಪ್ ಹ್ಯಾನಾ ಪಿಟ್ ಎಂಬ ಮಾರ್ಮನ್ ತಾಯಿಯಾಗಿದ್ದಾಳೆ. ತಾನು ಸಲಿಂಗಾನುರಾಗಿಯೆಂದು ಮಗ ದೂರವಾಣಿಯಲ್ಲಿ ಹೇಳಿದಾಗ ಬಿರುಸಾಗಿ ಮಾತನಾಡಿದವಳು, ಮನೆಯನ್ನು ಮಾರಿ ನ್ಯೂಯಾರ್ಕಿಗೆ ಬರುತ್ತಾಳೆ. ಅಲ್ಲಿ ಏಡ್ಸ್ ರೋಗಕ್ಕೆ ತುತ್ತಾದ ಅಪರಿಚಿತನೊಬ್ಬನನ್ನು ಆಸ್ಪತ್ರೆಗೆ ಕರೆದೊಯ್ಯುವವಳು ಅವಳೇ. ನಂಬಿಕೆ ಅವಳನ್ನು ಬಿಗಿಯಾಗಿಯೂ ಮಾಡಿದೆ, ಆಪತ್ತಿನಲ್ಲಿ ಒದಗುವವಳನ್ನಾಗಿಯೂ ಮಾಡಿದೆ. ನಮ್ಮ ಮನೆಗಳ ಹಿರಿಯರಲ್ಲಿ ಇಂತಹವರನ್ನು ಕಾಣದವರು ಯಾರು?

೨೦೨೨ರ 'ಅಂಡರ್ ದ ಬ್ಯಾನರ್ ಆಫ್ ಹೆವನ್' ಇನ್ನೂ ಕಠಿನವಾದ ಕೃತಿ. ೧೯೮೪ರ ಜುಲೈ ೨೪ರಂದು ಯೂಟಾದಲ್ಲಿ ತರುಣ ತಾಯಿಯೊಬ್ಬಳೂ ಅವಳ ಹದಿನೈದು ತಿಂಗಳ ಕೂಸೂ ಕೊಲೆಯಾದ ನಿಜ ಪ್ರಕರಣ ಅದರ ವಸ್ತು. ದೇವರ ಆಜ್ಞೆಯೆಂದು ಕೊಂದವರು ಅವಳ ಗಂಡನ ಅಣ್ಣಂದಿರು. ಸಭೆ ಅವರನ್ನು ಮೊದಲೇ ಹೊರಹಾಕಿತ್ತು. ತನಿಖೆ ನಡೆಸುವ ಮಾರ್ಮನ್ ಅಧಿಕಾರಿ ಜೆಬ್ ಪೈರ್ ಮಾತ್ರ ಕಲ್ಪಿತ ಪಾತ್ರ. ಹೆಣ್ಣುಮಕ್ಕಳೊಡನೆ ಪ್ರಾರ್ಥಿಸುವ ಈ ಗೃಹಸ್ಥನ ವಿಶ್ವಾಸ ತನಿಖೆಯೊಡನೆ ಬಿರುಕುಬಿಡುವುದನ್ನು ಆಂಡ್ರೂ ಗಾರ್ಫೀಲ್ಡ್ ಮನಮುಟ್ಟುವಂತೆ ಅಭಿನಯಿಸಿದ್ದಾನೆ. ಮಾರ್ಮನ್ ಮನೆಯಲ್ಲಿಯೇ ಬೆಳೆದ ಡಸ್ಟಿನ್ ಲಾನ್ಸ್ ಬ್ಲ್ಯಾಕ್ ಇದರ ನಿರ್ಮಾತೃ. ಈ ಪಂಥದ ಬುಡದಲ್ಲಿಯೇ ಹಿಂಸೆಯಿದೆಯೆಂದು ಮಾಲೆ ಸೂಚಿಸುತ್ತದೆಂದು ಭಕ್ತರು ಆಕ್ಷೇಪಿಸಿದರು. ಆ ಆಕ್ಷೇಪಣೆ ನ್ಯಾಯವಾದುದು. ಹಾಗೆಂದು ಆ ತಾಯಿಮಕ್ಕಳ ಕತೆಯನ್ನು ಹೇಳಲೇಬಾರದೆಂದರೆ ಅದೂ ಅನ್ಯಾಯವೇ.

ಇನ್ನೊಂದು ವಿನೋದವನ್ನು ಗಮನಿಸಿ. ೧೯೭೮ರಲ್ಲಿ ಬಂದ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕ' ಎಂಬ ಗಗನಯಾತ್ರೆಯ ಮಾಲೆಯನ್ನು ಸೃಷ್ಟಿಸಿದ ಗ್ಲೆನ್ ಲಾರ್ಸನ್ ಮಾರ್ಮನ್. ಮಾರ್ಮನ್ ಗ್ರಂಥಗಳಲ್ಲಿ ದೇವಸನ್ನಿಧಿಗೆ ಸಮೀಪವಾದ ನಕ್ಷತ್ರದ ಹೆಸರು 'ಕೋಲಾಬ್'. ಮಾಲೆಯಲ್ಲಿ ಮಾನವರ ಮೂಲಗ್ರಹ 'ಕೋಬಾಲ್'. ಸಭೆಯ ಹನ್ನೆರಡು ಹಿರಿಯರ ಮಂಡಲಿಯೂ ಅಲ್ಲುಂಟು. ಕಲ್ಪನೆಯ ಬಟ್ಟೆ ತೊಟ್ಟು ಬಂದಾಗ ಜನ ಕಣ್ಣರಳಿಸಿ ನೋಡಿದ ವಿಷಯ, ನೆರೆಮನೆಯವನ ನಂಬಿಕೆಯಾಗಿ ಬಂದಾಗ ಹಾಸ್ಯಕ್ಕೆ ವಸ್ತುವಾಯಿತು!

ಹೊಲದ ಸಾಲುಗಳು

ಈ ಪೆಟ್ಟಿಗೆಯ ಕತೆಯೂ ಮಾರ್ಮನ್ ಮನೆಯೊಂದರಿಂದಲೇ ಮೊದಲಾಗುತ್ತದೆಂದರೆ ವಾಚಕರು ಬೆರಗಾದಾರು. ಯೂಟಾದಲ್ಲಿ ೧೯೦೬ರಲ್ಲಿ ಹುಟ್ಟಿದ ಫೈಲೋ ಫಾರ್ನ್ಸ್‌ವರ್ತ್, ಹದಿನಾಲ್ಕರ ಹುಡುಗನಾಗಿದ್ದಾಗ ಹೊಲದ ಉಳುಮೆಯ ಸಾಲುಗಳನ್ನು ನೋಡಿ, ಚಿತ್ರವನ್ನೂ ಹೀಗೆಯೇ ಸಾಲುಸಾಲಾಗಿ ಬಿಡಿಸಿ ಕಳುಹಿಸಬಹುದೆಂದು ಊಹಿಸಿದನು. ೧೯೨೭ರಲ್ಲಿ ಪೂರ್ಣವಾಗಿ ಎಲೆಕ್ಟ್ರಾನಿಕ್ ಆದ ಟೆಲಿವಿಷನ್ ಚಿತ್ರವನ್ನು ಸಾಧಿಸಿ ತೋರಿಸಿದವನು ಅವನೇ.

ವಾಷಿಂಗ್ಟನ್ನಿನ ಸಂಸದ್ಭವನದಲ್ಲಿ ಯೂಟಾದ ಪರವಾಗಿ ನಿಂತಿದ್ದ ಅವನ ಪ್ರತಿಮೆಯ ಸ್ಥಾನಕ್ಕೆ ೨೦೨೪ರಲ್ಲಿ ಬಂದವಳು ಮಾರ್ತಾ ಹ್ಯೂಸ್ ಕ್ಯಾನನ್. ಈಕೆ ವೈದ್ಯೆ, ಬಹುಪತ್ನೀಕನ ನಾಲ್ಕನೆಯ ಹೆಂಡತಿ. ೧೮೯೬ರ ಚುನಾವಣೆಯಲ್ಲಿ ಅಭ್ಯರ್ಥಿಯಾಗಿದ್ದ ತನ್ನ ಗಂಡನನ್ನೇ ಹಿಂದೆ ಹಾಕಿ ಗೆದ್ದು, ಅಮೆರಿಕದ ಸಂಸ್ಥಾನವೊಂದರ ಸೆನೆಟ್ಟಿಗೆ ಆಯ್ಕೆಯಾದ ಮೊದಲ ಮಹಿಳೆಯಾದಳು. ನಗುಮುಖದ ಮುಖವಾಡವಾಗಲಿ, ಅಬಲೆಯ ಮುಖವಾಡವಾಗಲಿ ಈಕೆಗೆ ಹೊಂದುವುದೆ?

ಭಾರತದಲ್ಲಿ ಈ ಪಂಥದ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ೨೦೧೮ರಲ್ಲಿ ಸಾರಿ, ೨೦೨೦ರಲ್ಲಿ ಭೂಮಿಪೂಜೆಯ ರೀತಿಯ ವಿಧಿಯನ್ನು ನಡೆಸಿದರು. ದೂರದ ಯೂಟಾದ ಮಾತು ಹೀಗೆ ನಮ್ಮ ನೆರೆಯ ಮಾತೂ ಆಗಿದೆ. ನೆರೆಯವರ ನಂಬಿಕೆಯನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಮೊದಲ ಭೇಟಿಯಲ್ಲಿ ಕೇಳಲು ನಮ್ಮದೇ ಆದ ಒಂದು ಪ್ರಶ್ನೆಯಾದರೂ ಇರಬೇಕು. ಊರಾವುದು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿದ್ದರೆ, ಆ ರಾಜಮಹೇಂದ್ರಿಯ ಹುಡುಗ ಇನ್ನೂ ಎರಡು ನಿಲ್ದಾಣಗಳವರೆಗೆ ನಮ್ಮೊಡನೆ ಮಾತನಾಡುತ್ತಿದ್ದನೋ ಏನೋ.