ಅಂಗಡಿ ಲೆಕ್ಕಕ್ಕೆ ಸ್ವಂತ ತಂತ್ರಾಂಶ: ಜಾಂಗೊ ಚೌಕಟ್ಟಿನಲ್ಲಿ ಮೊದಲ ಹೆಜ್ಜೆಗಳು

ದಾಸ್ತಾನು, ಬಿಲ್ಲು ಹಾಗೂ ಬಾಕಿ ಲೆಕ್ಕಗಳಿಗಾಗಿ ಸ್ವಂತ ತಂತ್ರಾಂಶ ಬರೆಸಿಕೊಳ್ಳುವ ಸಣ್ಣ ಉದ್ದಿಮೆದಾರರಿಗೆ ಸಾಮಾನ್ಯವಾಗಿ ಎದುರಾಗುವ ತೊಂದರೆಯೊಂದಿದೆ. ಬರೆದುಕೊಟ್ಟ ತಂತ್ರಜ್ಞನು ಬೇರೆ ಉದ್ಯೋಗ ಹಿಡಿದು ಹೋದ ಮೇಲೆ ಅದನ್ನು ತಿದ್ದಬಲ್ಲವರು ದೊರೆಯುವುದಿಲ್ಲ. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಂತೆ ತೆರಿಗೆಯ ಪದ್ಧತಿಯೇ ಬದಲಾದರೆ ಹಣ ಕೊಟ್ಟು ಮಾಡಿಸಿದ ವ್ಯವಸ್ಥೆಯು ಮೂಲೆ ಸೇರುತ್ತದೆ. ಬಹುಜನರಿಗೆ ಪರಿಚಿತವಾದ ಚೌಕಟ್ಟಿನ ಮೇಲೆ ಕಟ್ಟಿದ ತಂತ್ರಾಂಶಕ್ಕೆ ಈ ಅಪಾಯ ಕಡಿಮೆ. ಯಾವ ಕೆಲಸದ ಕಡತ ಎಲ್ಲಿದೆಯೆಂಬುದು ಹೊಸಬನಿಗೂ ತಿಳಿದಿರುತ್ತದೆ.

ಅಂತಹ ಚೌಕಟ್ಟುಗಳಲ್ಲಿ ಜಾಂಗೊ ಒಂದು. ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯ ಜಾಲತಾಣಕ್ಕಾಗಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಇದನ್ನು ಆರಂಭಿಸಿದರು. 2005ರ ಜುಲೈನಲ್ಲಿ ಇದು ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಪರವಾನಗಿ ಶುಲ್ಕವಿಲ್ಲ, ಖರ್ಚು ಬೀಳುವುದು ಕೆಲಸಗಾರರ ವೇಳೆಗೆ.

ಗಣಕದಲ್ಲಿ ಪೈಥಾನ್ ಭಾಷೆಯನ್ನೂ ಜಾಂಗೊವನ್ನೂ ಅಳವಡಿಸಿದ ಬಳಿಕ ಒಂದೇ ಆದೇಶದಿಂದ ಯೋಜನೆಯ ಕಡತಗಳು ಸಿದ್ಧವಾಗುತ್ತವೆ. ನಂತರ ಸರಕು, ಗಿರಾಕಿ, ಬಿಲ್ಲು ಎಂಬಿವುಗಳಲ್ಲಿ ಏನೇನು ವಿವರವಿರಬೇಕೆಂದು ಬರೆಯಬೇಕು. ಇದನ್ನು ಮಾಡೆಲ್ ಎನ್ನುತ್ತಾರೆ. ಇಷ್ಟಾದರೆ ವಿವರ ತುಂಬುವ, ಹುಡುಕುವ, ತಿದ್ದುವ ಪುಟಗಳು ಜಾಂಗೊದ ಅಡ್ಮಿನ್ ವಿಭಾಗದಲ್ಲಿ ಹೆಚ್ಚಿನ ಶ್ರಮವಿಲ್ಲದೆ ಲಭಿಸುತ್ತವೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರುವುದರಿಂದ ಹಲವು ಸೂಚನೆಗಳನ್ನು ಕನ್ನಡದಲ್ಲಿಯೇ ಪಡೆಯಬಹುದು. ಗುಮಾಸ್ತರಿಗೆ ಇದರಿಂದ ಆಗುವ ಅನುಕೂಲ ಸಣ್ಣದಲ್ಲ.

ಮಾಡೆಲ್ ಬರೆಯುವಾಗಲೇ ಮಾಲೀಕರು ಪಕ್ಕದಲ್ಲಿ ಕುಳಿತು ಕೆಲವು ಪ್ರಶ್ನೆ ಕೇಳಬೇಕು. ಗಿರಾಕಿಯೊಬ್ಬನ ಹೆಸರನ್ನು ಅಳಿಸಿದರೆ ಅವನ ಹಳೆಯ ಬಿಲ್ಲುಗಳ ಗತಿಯೇನು? ಈ ಸಂಬಂಧವನ್ನು ಕ್ಯಾಸ್ಕೇಡ್ ಎಂದು ಬರೆದಿದ್ದರೆ ಗಿರಾಕಿಯೊಡನೆ ಬಿಲ್ಲುಗಳೂ ಅಳಿಯುತ್ತವೆ. ಪ್ರೊಟೆಕ್ಟ್ ಎಂದಿದ್ದರೆ, ಬಿಲ್ಲು ಇರುವವರೆಗೆ ಆ ಹೆಸರನ್ನು ಅಳಿಸಲು ಬಿಡುವುದಿಲ್ಲ. ಕಲಿಕೆಯ ಉದಾಹರಣೆಗಳಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಸ್ಕೇಡ್. ಹೊಸ ತಂತ್ರಜ್ಞರು ಅದನ್ನೇ ನಕಲು ಮಾಡುತ್ತಾರೆ. ವ್ಯಾಪಾರದ ಲೆಕ್ಕಕ್ಕೆ ಬೇಕಾದುದು ಪ್ರೊಟೆಕ್ಟ್.

ಹಣದ ಅಂಕಣಕ್ಕೆ ಫ್ಲೋಟ್ ಬಳಸಬಾರದು, ಡೆಸಿಮಲ್ ಬಳಸಬೇಕು. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಸಾವಿರಾರು ಬಿಲ್ಲುಗಳ ಮೊತ್ತದಲ್ಲಿ ಪೈಸೆಗಳ ವ್ಯತ್ಯಾಸ ಕಾಣಿಸಿಕೊಂಡರೆ ಹುಡುಕಿದರೂ ಕಾರಣ ಸಿಗದು. ಹೊಸ ಯೋಜನೆಯಲ್ಲಿ ಗಡಿಯಾರವು ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಯು.ಟಿ.ಸಿ. ಯಲ್ಲಿರುತ್ತದೆ. ಅದನ್ನು ಬದಲಿಸದಿದ್ದರೆ ಏಪ್ರಿಲ್ 1ರ ನಸುಕಿನ ನಾಲ್ಕು ಗಂಟೆಗೆ ತರಕಾರಿ ಮಂಡಿಯಲ್ಲಿ ಮಾಡಿದ ಬಿಲ್ಲು ಮಾರ್ಚ್ 31ರ ದಿನಾಂಕದಲ್ಲಿ, ಅಂದರೆ ಹಿಂದಿನ ಆರ್ಥಿಕ ವರ್ಷದಲ್ಲಿ ದಾಖಲಾದೀತು. ಏಷ್ಯಾ-ಕೋಲ್ಕತ್ತಾ ಎಂದು ಒಂದು ಸಾಲು ತಿದ್ದಿದರೆ ಸಾಕು.

ಆರಂಭದಲ್ಲಿ ದೊರೆಯುವ ಎಸ್‌ಕ್ಯೂಲೈಟ್ ದತ್ತಸಂಗ್ರಹವು ಏಕಕಾಲಕ್ಕೆ ಒಬ್ಬರಿಗೆ ಮಾತ್ರ ಬರೆಯಗೊಡುತ್ತದೆ. ಮೂರು ನಾಲ್ಕು ಕೌಂಟರುಗಳಿದ್ದಲ್ಲಿ ಪೋಸ್ಟ್‌ಗ್ರೆಸ್ ಸೂಕ್ತ. ಅಂತರ್ಜಾಲಕ್ಕೆ ಏರಿಸುವ ಮುನ್ನ ಡಿಬಗ್ ಸ್ಥಿತಿಯನ್ನು ನಿಲ್ಲಿಸಲೇಬೇಕು. ಇಲ್ಲವಾದರೆ ದೋಷ ಬಂದಾಗ ಒಳಗಿನ ವಿವರಗಳು ಪರದೆಯ ಮೇಲೆ ಅಪರಿಚಿತರಿಗೂ ಕಾಣುತ್ತವೆ.

ಆವೃತ್ತಿಯ ಆಯ್ಕೆಯಲ್ಲಿ ದೀರ್ಘಾವಧಿ ಬೆಂಬಲವುಳ್ಳದ್ದನ್ನೇ ಕೇಳುವುದು ಲೇಸು. 2025ರ ಏಪ್ರಿಲ್‌ನಲ್ಲಿ ಬಂದ 5.2 ಆವೃತ್ತಿಗೆ 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿಗಳು ದೊರೆಯಲಿವೆ. ಗುತ್ತಿಗೆ ಪತ್ರದಲ್ಲಿ ಮುಂದಿನ ಆವೃತ್ತಿಗೆ ಏರಿಸುವ ವೆಚ್ಚವನ್ನೂ ಬರೆಸಿಕೊಳ್ಳಬೇಕು. ಮೂಲ ಕಡತಗಳು, ಸರ್ವರಿನ ಗುಪ್ತಪದ, ಜಾಲತಾಣದ ಹೆಸರಿನ ನೋಂದಣಿ, ಈ ಮೂರೂ ತಂತ್ರಜ್ಞನ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಬೇಕು. ಕೊನೆಯ ಕಂತಿನ ಹಣ ಕೊಡುವ ಮೊದಲೇ ಇವನ್ನು ಪರಿಶೀಲಿಸಿಕೊಳ್ಳತಕ್ಕದ್ದು.